ಮುಖ ನೋಡಿ ಮತ: ವರ್ಚಸ್ಸಿನ ಹಳೆಯ ಲೆಕ್ಕ

ಚುನಾವಣೆಯ ಫಲಿತಾಂಶ ಬಂದ ಮರುದಿನ ಪತ್ರಿಕೆಗಳು ಧಾರಾಳವಾಗಿ ಖರ್ಚು ಮಾಡುವ ಪದ ‘ವೈಯಕ್ತಿಕ ವರ್ಚಸ್ಸು’. ಗೆದ್ದವನಿಗೆ ಅದು ಇತ್ತು, ಸೋತವನಿಗೆ ಇರಲಿಲ್ಲ. ಹಿಂದಿನ ದಿನದವರೆಗೆ ಯಾರ ಕಣ್ಣಿಗೂ ಬೀಳದಿದ್ದ ತೇಜಸ್ಸು ಮತ ಎಣಿಕೆಯ ಬಳಿಕ ಹೇಗೆ ಹೊಳೆಯತೊಡಗಿತು ಎಂದು ಕೇಳುವವರು ಕಡಿಮೆ. ಈ ಮೋಡಿಯ ಚರಿತ್ರೆಯನ್ನು ಹಿಂದಕ್ಕೆ ಹುಡುಕುತ್ತಾ ಹೋದರೆ ಒಂದು ಅನುಮಾನ ಬಲಿಯುತ್ತದೆ. ಅದು ಅಭ್ಯರ್ಥಿಯ ಮೈಯಲ್ಲಿ ಇರುವುದಕ್ಕಿಂತ ಹೆಚ್ಚಾಗಿ, ಅವನು ಮತದಾರನನ್ನು ತಲುಪುವ ದಾರಿಯಲ್ಲಿ ಇದೆ.

ಕ್ರಿ.ಪೂ. 64ರಲ್ಲಿ ವಾಗ್ಮಿ ಸಿಸೆರೊ ರೋಮ್‌ನ ಅತ್ಯುನ್ನತ ಚುನಾಯಿತ ಹುದ್ದೆಯಾದ ಕಾನ್ಸಲ್ ಸ್ಥಾನಕ್ಕೆ ಸ್ಪರ್ಧಿಸಿದಾಗ ತಮ್ಮ ಕ್ವಿಂಟಸ್ ಅವನಿಗೆ ಬರೆದನೆನ್ನಲಾದ ಸಲಹಾಪತ್ರವೊಂದು ಉಳಿದುಬಂದಿದೆ. (ಬರೆದವನು ಅವನೇ ಹೌದೇ ಎಂಬ ತಕರಾರು ವಿದ್ವಾಂಸರಲ್ಲಿದೆ.) ಜನರ ಹೆಸರು ನೆನಪಿಡು, ಮುಖಸ್ತುತಿಗೆ ನಾಚಬೇಡ, ಆಗದ ಕೆಲಸವಾದರೂ ಮುಖಕ್ಕೆ ಹೊಡೆದಂತೆ ಒಲ್ಲೆ ಎನ್ನಬೇಡ, ಇವು ಅದರ ಉಪದೇಶಗಳು. ಎದುರು ಬರುವವರ ಹೆಸರನ್ನು ಕಿವಿಯಲ್ಲಿ ಉಸುರಲೆಂದೇ ರೋಮ್‌ನ ಗಣ್ಯರು ಗುಲಾಮನೊಬ್ಬನನ್ನು ಜೊತೆಗೆ ಇಟ್ಟುಕೊಳ್ಳುತ್ತಿದ್ದರು. ಆಗಿನ ಮೋಡಿಗೆ ಬೇಕಾದದ್ದು ನೆನಪಿನ ಶಕ್ತಿ, ಅದೂ ಎರವಲು! ಅಥೆನ್ಸ್‌ನವರು ಇದಕ್ಕಿಂತ ಮೊದಲೇ ಬಹುಪಾಲು ಹುದ್ದೆಗಳನ್ನು ಚೀಟಿ ಎತ್ತಿ ತುಂಬುತ್ತಿದ್ದರು. ಚೀಟಿಯನ್ನು ಮರುಳು ಮಾಡುವ ನಗು ಯಾರಿಗೂ ಬರುವುದಿಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ಮತದಾರರ ಸಂಖ್ಯೆ ಬೆಳೆಯಿತು, ಹೆಸರು ನೆನಪಿಡುವುದು ಆಗದ ಮಾತಾಯಿತು. ರೈಲು ಬಂದಿತ್ತು, ವಾಗ್ಮಿಗಳ ಕಾಲ ಶುರುವಾಯಿತು. 1896ರ ಅಮೆರಿಕದ ಅಧ್ಯಕ್ಷ ಚುನಾವಣೆಯಲ್ಲಿ ವಿಲಿಯಂ ಜೆನ್ನಿಂಗ್ಸ್ ಬ್ರಯಾನ್ ಸುಮಾರು 18,000 ಮೈಲಿ ಸುತ್ತಿ ಗಂಟಲು ಹರಿಯುವಂತೆ ಮಾತನಾಡಿದ. ಎದುರಾಳಿ ಮೆಕಿನ್ಲೆ ತನ್ನ ಮನೆಯ ಜಗಲಿಯಲ್ಲೇ ನಿಂತು, ಅಲ್ಲಿಗೆ ಬಂದವರೊಡನೆ ಮಾತನಾಡಿದ. ಗೆದ್ದವನು ಜಗಲಿಯವನು. ಅವನ ಬೆನ್ನಿಗಿದ್ದ ಹಣ ಮತ್ತು ಪಕ್ಷದ ಯಂತ್ರ ವಾಗ್ಮಿಗೆ ಇರಲಿಲ್ಲ.

ರೇಡಿಯೊ ಬಂದ ಮೇಲೆ ಮೈದಾನದ ಅಬ್ಬರ ಮನೆಯ ಕೋಣೆಯಲ್ಲಿ ಕರ್ಕಶವಾಯಿತು. 1933ರ ಮಾರ್ಚ್ 12ರಂದು ಅಮೆರಿಕದ ಅಧ್ಯಕ್ಷ ರೂಸ್ವೆಲ್ಟ್ ರೇಡಿಯೊದಲ್ಲಿ ಬ್ಯಾಂಕುಗಳನ್ನು ಏಕೆ ಮುಚ್ಚಲಾಗಿದೆ ಎಂಬುದನ್ನು ಪಕ್ಕದ ಮನೆಯ ಹಿರಿಯನಂತೆ ವಿವರಿಸಿದರು. ಬಾಗಿಲು ತೆರೆದಾಗ ಜನ ಹಣ ಹಿಂತೆಗೆಯುವ ಬದಲು ಮರಳಿ ತಂದು ಇಟ್ಟರು.

ಇನ್ನು ಅಮೆರಿಕದ ಅಧ್ಯಕ್ಷ ಹುದ್ದೆಯ ಅಭ್ಯರ್ಥಿಗಳ ನಡುವೆ 1960ರ ಸೆಪ್ಟೆಂಬರ್ 26ರಂದು ನಡೆದ ಟಿವಿ ಚರ್ಚೆ. ಮೊಣಕಾಲಿನ ಸೋಂಕಿನಿಂದ ಆಸ್ಪತ್ರೆ ಸೇರಿ ಸೊರಗಿದ್ದ ನಿಕ್ಸನ್, ಬಿಸಿಲು ಕಾಯಿಸಿ ಮೈಬಣ್ಣ ಕಳೆಗಟ್ಟಿದ್ದ ಕೆನಡಿ, ಸುಮಾರು 7 ಕೋಟಿ ವೀಕ್ಷಕರು. ರೇಡಿಯೊದಲ್ಲಿ ಕೇಳಿದವರಿಗೆ ನಿಕ್ಸನ್ ಗೆದ್ದಂತೆ, ಟಿವಿಯಲ್ಲಿ ನೋಡಿದವರಿಗೆ ಕೆನಡಿ ಗೆದ್ದಂತೆ ಕಂಡಿತು ಎಂಬ ಕಥೆ ಅಂದಿನಿಂದ ಬಾಯಿಂದ ಬಾಯಿಗೆ ಹರಿದಿದೆ. ಕಥೆ ಸೊಗಸಾಗಿದೆ, ಬುಡ ಮಾತ್ರ ಸಡಿಲ. ಅದು ನಿಂತಿರುವುದು ಮುಖ್ಯವಾಗಿ ಒಂದು ಸಣ್ಣ ಸಮೀಕ್ಷೆಯ ಮೇಲೆ. ರೇಡಿಯೊ ಕೇಳುತ್ತಿದ್ದವರಲ್ಲಿ ಅನೇಕರು ಮೊದಲೇ ನಿಕ್ಸನ್ ಪರ ಇದ್ದಿರಲಾರರೇ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. ಜನಮತದಲ್ಲಿ ಕೊನೆಯ ಅಂತರ ಸುಮಾರು 1.12 ಲಕ್ಷ. ಇಷ್ಟು ತೆಳುವಾದ ಗೆಲುವಿಗೆ ಮೇಕಪ್ಪನ್ನು ಎಷ್ಟು ಸಲೀಸಾಗಿ ಕಾರಣ ಮಾಡಬಹುದೋ, ಬೇರೆ ಹತ್ತು ಸಂಗತಿಗಳನ್ನೂ ಅಷ್ಟೇ ಸಲೀಸಾಗಿ ಮಾಡಬಹುದು.

ಹಾಗೆಂದು ಮುಖಕ್ಕೆ ಬೆಲೆಯೇ ಇಲ್ಲ ಎನ್ನುವಂತೆಯೂ ಇಲ್ಲ. 2009ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಸ್ವಿಟ್ಜರ್ಲೆಂಡ್‌ನ ಮಕ್ಕಳಿಗೆ ಎರಡೆರಡು ಅಪರಿಚಿತ ಮುಖಗಳನ್ನು ತೋರಿಸಿ, ನಿಮ್ಮ ಹಡಗಿಗೆ ಯಾರು ಕಪ್ತಾನನಾಗಲಿ ಎಂದು ಕೇಳಿದರು. ಅವು ಫ್ರಾನ್ಸ್‌ನ ಸಂಸತ್ ಚುನಾವಣೆಯ ಅಭ್ಯರ್ಥಿಗಳ ಚಿತ್ರಗಳು. ಮಕ್ಕಳು ಆರಿಸಿದವರೇ ಬಹಳಷ್ಟು ಕಡೆ ನಿಜವಾಗಿಯೂ ಗೆದ್ದಿದ್ದರು. ಅಮೆರಿಕದ ಮತ್ತೊಂದು ಅಧ್ಯಯನದ ಪ್ರಕಾರ ಈ ಸೆಳೆತ ಹೆಚ್ಚಾಗಿ ತಾಗುವುದು, ರಾಜಕೀಯದ ತಿಳಿವಳಿಕೆ ಕಡಿಮೆ ಇದ್ದು ಟಿವಿ ಹೆಚ್ಚು ನೋಡುವವರಿಗೆ. ಬೇರೇನೂ ಗೊತ್ತಿಲ್ಲದಿದ್ದಾಗ ಮುಖ ನೋಡಿ ಮಣೆ ಹಾಕುತ್ತೇವೆ.

ಗೊತ್ತಿದ್ದಾಗ ಏನಾಗುತ್ತದೆ ಎನ್ನುವುದಕ್ಕೆ ಬ್ರಿಟನ್ನಿನ 1945ರ ಚುನಾವಣೆ ಇದೆ. ಯುದ್ಧ ಗೆದ್ದ ಚರ್ಚಿಲ್ ಹೋದಲ್ಲೆಲ್ಲ ಜನಸಾಗರ. ಅವರೆದುರು ಲೇಬರ್ ಪಕ್ಷದ ನಾಯಕ ಕ್ಲೆಮೆಂಟ್ ಆಟ್ಲಿ, ಮಿತಭಾಷಿ, ಹೆಂಡತಿ ಓಡಿಸುವ ಮನೆಯ ಕಾರಿನಲ್ಲಿ ಪ್ರಚಾರಕ್ಕೆ ಹೊರಟವರು. ಜನಕ್ಕೆ ಬೇಕಿದ್ದದ್ದು ಮನೆ, ಕೆಲಸ ಮತ್ತು ಆರೋಗ್ಯಸೇವೆ. ಅವರು ಚರ್ಚಿಲ್‌ಗೆ ಜೈಕಾರ ಹಾಕಿ ಲೇಬರ್ ಪಕ್ಷಕ್ಕೆ 393 ಸ್ಥಾನ ಕೊಟ್ಟರು. 1951ರಲ್ಲಿ ಚರ್ಚಿಲ್ ಮತ್ತೆ ಪ್ರಧಾನಿಯಾದರು. ಆಗಲೂ ಒಟ್ಟು ಮತಗಳಲ್ಲಿ ಮುಂದಿದ್ದದ್ದು ಆಟ್ಲಿಯ ಪಕ್ಷವೇ.