ಬೊಂಡಾಸ್ ಮಸಿಗಿಂತಲೂ ಕಪ್ಪು

ಮಲ್ಪೆಯಿಂದ ಬೊಂಡಾಸ್ (ಸ್ಕ್ವಿಡ್) ತಂದ ದಿನ ನಮ್ಮ ಅಡುಗೆಮನೆಯ ಸಿಂಕ್ ಪೂರ್ತಿ ಕಪ್ಪಾಗುತ್ತದೆ. ಎಷ್ಟು ಜಾಗ್ರತೆ ಮಾಡಿದರೂ ಒಂದೆರಡು ಮಸಿಚೀಲ ಒಡೆದೇ ಒಡೆಯುತ್ತವೆ. ಮೊನ್ನೆ ಹಾಗೆ ಒಡೆದ ಮಸಿ ಸ್ಟೀಲ್ ತಟ್ಟೆಯಲ್ಲಿ ಹರಡಿಕೊಂಡಿತ್ತು. ಬಗ್ಗಿ ನೋಡಿದರೆ ಅದರಲ್ಲಿ ಕಿಟಕಿಯ ಸರಳುಗಳು ಒಂದೊಂದಾಗಿ ಕಾಣುತ್ತಿದ್ದವು. ಇಷ್ಟು ಕಪ್ಪಾದ ಮಸಿಯಲ್ಲೂ ಕಿಟಕಿ ಕಾಣುತ್ತದೆ ಅಂದರೆ ಅದು ಬೆಳಕನ್ನು ವಾಪಸ್ ಕಳಿಸುತ್ತಿದೆ, ಅಲ್ವಾ?

ಆ ಮಸಿಯನ್ನು ಕಪ್ಪಾಗಿಸುವುದು ಮೆಲನಿನ್. ನಮ್ಮ ಕೂದಲಿನಲ್ಲಿ, ಕಾಗೆಯ ಗರಿಯಲ್ಲಿ ಇರುವುದೂ ಅದೇ. ಒಳಗೆ ಬಂದ ಬೆಳಕನ್ನು ಮೆಲನಿನ್ ಚೆನ್ನಾಗಿಯೇ ಹೀರುತ್ತದೆ. ತೊಡಕಿರುವುದು ಹೊಸ್ತಿಲಲ್ಲಿ. ಗಾಳಿಯಲ್ಲಿ ಬರುವ ಬೆಳಕು ನುಣುಪಾದ ಮೈಗೆ ತಾಗಿದರೆ ಅದರ ಒಂದು ಪಾಲು ಒಳಗೆ ಹೋಗದೆ ಅಲ್ಲಿಂದಲೇ ತಿರುಗುತ್ತದೆ. ನೇರವಾಗಿ ಬಿದ್ದ ಬೆಳಕಿನಲ್ಲಿ ನೀರು ನೂರಕ್ಕೆ ಸುಮಾರು 2 ಪಾಲು, ಗಾಜು ಸುಮಾರು 4 ಪಾಲು ಹಿಂದಕ್ಕೆ ಕಳಿಸುತ್ತದೆ. ಒಳಗೆ ಎಷ್ಟು ಕಪ್ಪು ತುಂಬಿದರೂ ಈ ಪಾಲು ತಗ್ಗುವುದಿಲ್ಲ. ನುಣುಪಾದ ಕರಿಶಿಲೆಯ ವಿಗ್ರಹದ ಕೆನ್ನೆಯಲ್ಲಿ ದೀಪ ಮಿನುಗುವುದು ಇದರಿಂದಲೇ.

ಹಾಗಾದರೆ ಇನ್ನೂ ಕಪ್ಪಾಗುವುದು ಹೇಗೆ? ನಮ್ಮ ಹಳೇ ಮನೆಯ ಬಚ್ಚಲಿನ ಹಂಡೆ ನೆನಪಾಗುತ್ತದೆ. ಅದರ ತಳದ ಮಸಿಗೆ ಒಂಚೂರೂ ಹೊಳಪಿರಲಿಲ್ಲ. ಹಂಡೆ ತಣ್ಣಗಿರುವಾಗ ಹೆಬ್ಬೆರಳಿನಿಂದ ಒತ್ತಿ ಉಜ್ಜಿದರೆ ಅಲ್ಲಿ ಮಾತ್ರ ಮಿಣ್ಣಗೆ ಹೊಳೆಯುತ್ತಿತ್ತು. ಮಸಿ ಅದೇ, ಬಣ್ಣ ಅದೇ. ಉಜ್ಜುವ ಮೊದಲು ಅದು ಸಡಿಲವಾಗಿ, ಸಂದುಗೊಂದುಗಳಿಂದ ತುಂಬಿತ್ತು. ಸಂದಿಗೆ ಹೊಕ್ಕ ಬೆಳಕು ಒಂದು ಗೋಡೆಗೆ ತಾಗಿ, ಇನ್ನೊಂದಕ್ಕೆ ತಾಗಿ, ಪ್ರತಿ ಸಲವೂ ಸ್ವಲ್ಪ ಸ್ವಲ್ಪ ಕಳೆದುಹೋಗುತ್ತಿತ್ತು. ಒತ್ತಿದಾಗ ಆ ಸಂದುಗಳು ಮುಚ್ಚಿಹೋದವು. ಮುರಕಲ್ಲಿನ ಬಾವಿಯೂ ಹಾಗೆಯೇ. ಗೋಡೆ ಕೆಂಪು, ಬಗ್ಗಿ ನೋಡಿದರೆ ಕೆಳಗೆ ಕತ್ತಲೆ.

ಕೆಲವು ಪ್ರಾಣಿಗಳು ತಮ್ಮ ಮೈಮೇಲೆ ಇಂಥ ಬಾವಿಗಳನ್ನೇ ಕಟ್ಟಿಕೊಂಡಿವೆ. ಬಿದ್ದ ಬೆಳಕಿನಲ್ಲಿ ನೂರಕ್ಕೆ ಅರ್ಧ ಪಾಲಿಗಿಂತಲೂ ಕಡಿಮೆ ವಾಪಸ್ ಕಳಿಸುವ ಮೈಯನ್ನು ವಿಜ್ಞಾನಿಗಳು ಅಲ್ಟ್ರಾ ಬ್ಲ್ಯಾಕ್ ಎನ್ನುತ್ತಾರೆ. ನಾನು ಕಡುಗಪ್ಪು ಎಂದು ಕರೆಯುತ್ತೇನೆ.

ನ್ಯೂಗಿನಿ ಕಡೆಯ ಸ್ವರ್ಗದ ಹಕ್ಕಿಗಳ ಬಗ್ಗೆ 2018ರಲ್ಲಿ ವಿಜ್ಞಾನಿ ಡಕೋಟಾ ಮೆಕಾಯ್ ಮತ್ತು ಜೊತೆಗಾರರು ಒಂದು ಅಧ್ಯಯನ ಪ್ರಕಟಿಸಿದರು. ಮಾಮೂಲಿ ಕಪ್ಪು ಗರಿ ನೂರಕ್ಕೆ 3ರಿಂದ 5 ಪಾಲು ಬೆಳಕನ್ನು ವಾಪಸ್ ಕೊಟ್ಟರೆ, ಈ ಗಂಡುಹಕ್ಕಿಗಳ ಕಡುಗಪ್ಪು ಗರಿ ಕೊಟ್ಟದ್ದು 0.05ರಿಂದ 0.31 ಪಾಲು ಮಾತ್ರ. ಮಾಮೂಲಿ ಗರಿಯ ಕವಲುಗಳು ಚಪ್ಪಟೆಯಾಗಿ ಮಲಗಿರುತ್ತವೆ. ಇವುಗಳಲ್ಲಿ ಅವು ಮೇಲಕ್ಕೆ ಬಾಗಿ ನಿಂತಿವೆ, ಅಂಚುಗಳು ಮುಳ್ಳುಮುಳ್ಳಾಗಿವೆ, ನಡುವೆ ಆಳವಾದ ಸಂದುಗಳಿವೆ. ಇದರಲ್ಲಿ ನನಗೆ ತುಂಬಾ ಇಷ್ಟವಾದದ್ದು ಚಿನ್ನದ ವಿಷಯ. ಸೂಕ್ಷ್ಮದರ್ಶಕದಲ್ಲಿ ನೋಡಲು ಗರಿಗಳಿಗೆ ತೆಳ್ಳಗೆ ಚಿನ್ನ ಲೇಪಿಸಿದ್ದರು. ಮಾಮೂಲಿ ಕಪ್ಪು ಗರಿ ಚಿನ್ನದ ಬಣ್ಣಕ್ಕೆ ತಿರುಗಿತು. ಕಡುಗಪ್ಪು ಗರಿ ಚಿನ್ನ ಹೊದ್ದೂ ಕಪ್ಪಾಗಿಯೇ ಉಳಿಯಿತು! ಆ ಕಪ್ಪು ಎಷ್ಟರಮಟ್ಟಿಗೆ ಆಕಾರದಿಂದ ಬಂದದ್ದು ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಪುರಾವೆ ಬೇಕಿಲ್ಲ.

ಹಕ್ಕಿಗೆ ಇದರಿಂದ ಏನು ಲಾಭ? ಯಕ್ಷಗಾನದ ಚೌಕಿಯಲ್ಲಿ ಕೂತು ನೋಡಿದವರಿಗೆ ಬೇಗ ಅರ್ಥವಾಗುತ್ತದೆ. ಕಣ್ಣಿನ ಸುತ್ತ ಕಾಡಿಗೆ ಎಳೆದ ಕೂಡಲೇ ಕಣ್ಣಿನ ಬಿಳಿ ಎದ್ದು ಬರುತ್ತದೆ. ಸ್ವರ್ಗದ ಹಕ್ಕಿಯಲ್ಲೂ ಕಡುಗಪ್ಪು ಇರುವುದು ನೀಲಿ, ಹಸಿರು, ಹಳದಿ ತೇಪೆಗಳ ಪಕ್ಕದಲ್ಲಿ. ಹೆಣ್ಣಿನ ಮುಂದೆ ಕುಣಿಯುವಾಗ ಆ ತೇಪೆ ತಾನೇ ಉರಿಯುವ ದೀಪದ ಹಾಗೆ ಕಾಣುತ್ತದೆ.

ಇಷ್ಟೆಲ್ಲ ನೋಡಲು ನ್ಯೂಗಿನಿಗೇ ಹೋಗಬೇಕಾಗಿಲ್ಲ. ನಮ್ಮ ಹಿತ್ತಲಿನ ಕೇಪುಳ ಹೂವಿಗೆ ಕಾಮನ್ ರೋಸ್ ಎಂಬ ಚಿಟ್ಟೆ ಬರುತ್ತದೆ. ಕೆಂಪು ಮೈ, ಕಪ್ಪು ರೆಕ್ಕೆ, ಹಿಂದಿನ ರೆಕ್ಕೆಯಲ್ಲಿ ಬಿಳಿ ಮತ್ತು ಗುಲಾಬಿ ಚುಕ್ಕೆಗಳು. ಮರಿಯಾಗಿದ್ದಾಗ ಈಶ್ವರಬಳ್ಳಿಯ ಎಲೆ ತಿಂದು ವಿಷ ತುಂಬಿಕೊಂಡಿರುತ್ತದೆ. ಮೈಯ ಆ ಕೆಂಪು ಬಣ್ಣ, ಹಕ್ಕಿಗಳಿಗೆ ಎಚ್ಚರಿಕೆ. ಈ ಚಿಟ್ಟೆಯ ರೆಕ್ಕೆಯನ್ನು ಹೊದ್ದಿರುವ ಕಪ್ಪು ಹುರುಪೆಗಳಲ್ಲಿ ಲೆಕ್ಕವಿಲ್ಲದಷ್ಟು ತೂತುಗಳಿವೆ. ತೂತುಗಳ ಅಳತೆ ಒಂದೇ ಅಲ್ಲ, ಜೋಡಣೆಯೂ ಅಡ್ಡಾದಿಡ್ಡಿ. ಜರ್ಮನಿಯ ಕಾರ್ಲ್ಸ್‌ರೂಹೆಯ ಸಂಶೋಧಕರು ಅದೇ ಮಾದರಿಯ ತೂತುಗಳನ್ನು ಸೌರಕೋಶಕ್ಕೆ ಬಳಸುವ ತೆಳು ಸಿಲಿಕಾನ್ ಪದರದಲ್ಲಿ ಮಾಡಿ ನೋಡಿದರು. 2017ರಲ್ಲಿ ಅವರು ಕೊಟ್ಟ ವರದಿಯಂತೆ, ಓರೆಯಾಗಿ ಬಿದ್ದ ಬೆಳಕನ್ನು ಹೀರುವ ಶಕ್ತಿ ಸುಮಾರು 200 ಪ್ರತಿಶತದವರೆಗೆ ಹೆಚ್ಚಿತು. ನಮ್ಮ ಬೇಲಿಯಲ್ಲಿ ಹಾರುವ ಚಿಟ್ಟೆ! ಕೇಪುಳದ ಪೊದೆ ಸವರುವಾಗ ಈಗ ನನ್ನ ಕೈ ತಡೆಯುತ್ತದೆ.

ಇನ್ನು ಕಡಲಿಗೆ ಬರೋಣ. ಬುಟ್ಟಿಯಲ್ಲಿರುವ ಬೂತಾಯಿ, ಬಂಗುಡೆಗಳ ಬದಿ ಬೆಳ್ಳಿಯ ಹಾಗೆ ಹೊಳೆಯುತ್ತದೆ. ಅದು ಅಡಗುವ ಉಪಾಯ. ಬಿಸಿಲು ಮೇಲಿನಿಂದ ಬರುವ ನೀರಿನಲ್ಲಿ ಕನ್ನಡಿಯಂಥ ಮೈ ಸುತ್ತಲಿನ ನೀರನ್ನೇ ತೋರಿಸುತ್ತದೆ, ಮೀನು ಕಾಣುವುದಿಲ್ಲ. ಆದರೆ ಬಿಸಿಲು ತಲುಪದ ಆಳದಲ್ಲಿ ಕನ್ನಡಿ ಅಪಾಯ. ಅಲ್ಲಿ ಬೆಳಕು ಕೊಡುವುದು ಜೀವಿಗಳೇ. ಕೆಲವು ಬೇಟೆ ಮೀನುಗಳು ಟಾರ್ಚ್ ಹಿಡಿದ ಹಾಗೆ ಬೆಳಕು ಬೀರುತ್ತಾ ಹುಡುಕುತ್ತವೆ. ಹೊಳೆದರೆ ಸಿಕ್ಕಿಬಿದ್ದ ಹಾಗೆ.

ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ಕ್ಯಾರೆನ್ ಆಸ್ಬೋರ್ನ್ ಆ ಆಳದ ಕಪ್ಪು ಮೀನುಗಳ ಫೋಟೋ ತೆಗೆಯಲು ಹೋದಾಗ ಸುತ್ತಲೂ ಎಷ್ಟು ದೀಪ ಇಟ್ಟರೂ ಬರೀ ಕಪ್ಪು ನೆರಳಿನಾಕಾರ ಬಂತು. ಅಲ್ಲಿಂದ ಶುರುವಾದ ಹುಡುಕಾಟದಲ್ಲಿ 16 ಜಾತಿಯ ಕಡುಗಪ್ಪು ಮೀನುಗಳು ಸಿಕ್ಕವು. 2020ರಲ್ಲಿ ವಿವರ ಪ್ರಕಟವಾಯಿತು. ಅತಿ ಕಪ್ಪು ಮೀನು ಒನೈರೋಡಿಸ್ ಕುಲದ್ದು, ತಲೆಯ ಮೇಲೆ ಬೆಳಗುವ ಗಾಳ ಹೊತ್ತ ಬಗೆ. ಅದು ವಾಪಸ್ ಕಳಿಸುವುದು ನೂರಕ್ಕೆ 0.04 ಪಾಲು. ತನ್ನ ದೀಪದಲ್ಲಿ ತನ್ನ ಮುಖವೇ ಕಾಣದ ಹಾಗೆ ಇರಬೇಕಲ್ಲ!

ಮೀನಿನ ಉಪಾಯ ಚಿಟ್ಟೆ, ಹಕ್ಕಿಗಳದ್ದಕ್ಕಿಂತ ಸರಳ. ಚರ್ಮದ ಮೇಲ್ಭಾಗದಲ್ಲೇ ಮೆಲನಿನ್ ತುಂಬಿದ ಕಾಳುಗಳು ಎಡೆಯಿಲ್ಲದೆ ಒತ್ತೊತ್ತಾಗಿ ಕೂತಿವೆ. ಕುಚ್ಚಲಕ್ಕಿ ಕಾಳಿನ ಆಕಾರ ಎಂದುಕೊಳ್ಳಿ, ಗಾತ್ರ ಮಾತ್ರ ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗದ ಆಸುಪಾಸು. ಒಂದು ಕಾಳು ಹೀರದೆ ಬಿಟ್ಟ ಬೆಳಕು ಹೊರಗೆ ಹೋಗದೆ ಪಕ್ಕದ ಕಾಳಿಗೆ ಹೋಗುತ್ತದೆ. ಅಲ್ಲೂ ಉಳಿದದ್ದು ಮತ್ತೊಂದು ಪಕ್ಕಕ್ಕೆ. ಕಾಳಿನ ಉದ್ದ, ದಪ್ಪ ಎರಡೂ ಹೀಗೆ ಪಕ್ಕಕ್ಕೆ ದಾಟಿಸಲು ಹೇಳಿ ಮಾಡಿಸಿದ ಅಳತೆಯಲ್ಲಿವೆ. ಚರ್ಮ ವಾಪಸ್ ಕಳಿಸುವ ಬೆಳಕು 2 ಪಾಲಿನಿಂದ 0.05 ಪಾಲಿಗೆ ಇಳಿದರೆ, ಬೇಟೆಗಾರನ ಕಣ್ಣಿಗೆ ಬೀಳುವ ದೂರ ಆರು ಪಟ್ಟಿಗಿಂತ ಜಾಸ್ತಿ ಕಡಿಮೆಯಾಗುತ್ತದೆ ಎಂದು ಆಸ್ಬೋರ್ನ್ ಮತ್ತು ಜೊತೆಗಾರರು ಲೆಕ್ಕ ಹಾಕಿದ್ದಾರೆ.

ಕೆಲವು ಮೀನುಗಳಲ್ಲಿ ಈ ಕಡುಗಪ್ಪು ಹೊಟ್ಟೆಯ ಸುತ್ತಲೂ ಇದೆ. ಅವು ನುಂಗುವ ಜೀವಿಗಳು ಹೊಟ್ಟೆ ಸೇರಿದ ಮೇಲೂ ಮಿನುಗುತ್ತಿರಬಹುದು. ಆ ಬೆಳಕು ಹೊರಗೆ ಬಾರದ ಹಾಗೆ ಕಪ್ಪು ಪೊರೆ ಅದನ್ನು ಅಲ್ಲೇ ತಡೆಯುತ್ತದೆ.