ವಿವಾಲ್ಡಿ ಅಂದರೆ ‘ಫೋರ್ ಸೀಸನ್ಸ್’ ಅಷ್ಟೇನಾ?

ಪ್ರಶ್ನೆ: ವಿವಾಲ್ಡಿ ಅಂತ ಹುಡುಕಿದರೆ ಯಾವಾಗಲೂ ‘ಫೋರ್ ಸೀಸನ್ಸ್’ ಬರುತ್ತದೆ. ಅವರು ಬೇರೇನೂ ಬರೆದಿಲ್ವಾ? ಬರೆದಿದ್ದರೆ ಹುಡುಕೋದು ಹೇಗೆ?

ಬರೆದಿದ್ದಾರೆ, ರಾಶಿ ರಾಶಿ. ವಿವಾಲ್ಡಿ ಸುಮಾರು ಮುನ್ನೂರು ವರ್ಷದ ಹಿಂದಿನ ವೆನಿಸ್ ಸಂಗೀತ ರಚನೆಕಾರರು, ‘ಫೋರ್ ಸೀಸನ್ಸ್’ ಅವರ ನಾಲ್ಕು ಪಿಟೀಲು ಕಾನ್ಸರ್ಟೊಗಳು. ಕಾನ್ಸರ್ಟೊಗಳೇ (ಒಂದೆರಡು ವಾದ್ಯ ಮುಂದೆ, ವಾದ್ಯವೃಂದ ಜೊತೆಗೆ ನುಡಿಸುವ ಕೃತಿಗಳು) ಐನೂರರ ಹತ್ತಿರ ಇವೆ. ಹುಡುಕುವಾಗ ಹೆಸರು ಬಿಡಿ, ನಂಬರ್ ಹಾಕಿ. ಡೆನ್ಮಾರ್ಕಿನ ಪೀಟರ್ ರಿಯೋಮ್ ಎಂಬ ವಿದ್ವಾಂಸರು ವಿವಾಲ್ಡಿಯ ಪ್ರತಿ ಕೃತಿಗೂ ಒಂದು ‘ಆರ್‌ವಿ’ (ಅಂದರೆ ರಿಯೋಮ್ ಪಟ್ಟಿಯ) ನಂಬರ್ ಕೊಟ್ಟಿದ್ದಾರೆ. ಸುಮ್ನೆ ‘ಬಸೂನ್ ಕಾನ್ಸರ್ಟೊ’ ಅಂತ ಹುಡುಕಿದರೆ ಕಷ್ಟ, ಯಾಕಂದರೆ ಬಸೂನ್ ಎಂಬ ಊದುವ ವಾದ್ಯಕ್ಕೆ ಅಂತಲೇ ವಿವಾಲ್ಡಿ 39 ಬರೆದಿದ್ದಾರೆ!

ಇಷ್ಟೆಲ್ಲ ಇದ್ದೂ ಯಾಕೆ ಕೇಳಿಬರಲಿಲ್ಲ ಅಂದರೆ, ಬಹುಪಾಲು ಕೃತಿಗಳು ಅಚ್ಚಾಗಿಯೇ ಇರಲಿಲ್ಲ. 1741ರಲ್ಲಿ ವಿವಾಲ್ಡಿ ವಿಯೆನ್ನಾದಲ್ಲಿ ತೀರಿಕೊಂಡ ಮೇಲೆ ಅವರ ಹಸ್ತಪ್ರತಿಗಳು ಶ್ರೀಮಂತರ ಮನೆಯಿಂದ ಮನೆಗೆ ಹೋಗಿ ಕಪಾಟು ಸೇರಿದವು. 1926ರಲ್ಲಿ ವಾಯವ್ಯ ಇಟಲಿಯ ಒಂದು ಪಾದ್ರಿಗಳ ಶಾಲೆ ತನ್ನ ಹಳೇ ಸಂಗೀತದ ಸಂಪುಟಗಳನ್ನು ಮಾರಲು ಹೊರಟು, ಬೆಲೆ ಕಟ್ಟಿಸಲು ಟ್ಯೂರಿನ್ ಗ್ರಂಥಾಲಯಕ್ಕೆ ಕಳಿಸಿತು. ಅವನ್ನು ತೆರೆದು ನೋಡಿದವರು ಆಲ್ಬೆರ್ತೊ ಜೆಂತಿಲಿ ಎಂಬ ಪ್ರಾಧ್ಯಾಪಕರು. ಗ್ರಂಥಾಲಯದ ಹತ್ತಿರ ದುಡ್ಡಿರಲಿಲ್ಲ. ಪುಟ್ಟ ಮಗ ಮೌರೊನನ್ನು ಕಳೆದುಕೊಂಡಿದ್ದ ರೊಬೆರ್ತೊ ಫೊವಾ ಎಂಬ ಷೇರು ದಲ್ಲಾಳಿ ಎಲ್ಲವನ್ನೂ ಕೊಂಡು, ಮಗನ ನೆನಪಿಗೆ ಗ್ರಂಥಾಲಯಕ್ಕೆ ಕೊಟ್ಟರು. ಆದರೆ ಸಂಪುಟಗಳ ಕ್ರಮದಲ್ಲಿ ನಡುನಡುವೆ ಖಾಲಿ ಇತ್ತು. ಅಂದರೆ ಉಳಿದರ್ಧ ಇನ್ನೆಲ್ಲೋ ಇದೆ ಅಂತಾಯಿತು. ಅದು ಜಿನೋವಾದಲ್ಲಿ ದುರಾತ್ಸೊ ಮನೆತನದವರ ಹತ್ತಿರ ಸಿಕ್ಕಿತು. 1930ರಲ್ಲಿ ಅದನ್ನು ಕೊಂಡುಕೊಟ್ಟ ಬಟ್ಟೆ ಗಿರಣಿ ಮಾಲೀಕ ಫಿಲಿಪ್ಪೊ ಜೊರ್ದಾನೊ ಕೂಡ ಮಗ ರೆಂತ್ಸೊನನ್ನು ಕಳೆದುಕೊಂಡವರೇ. ಇವತ್ತಿಗೂ ಆ ಎರಡು ಸಂಗ್ರಹಗಳಿಗೆ ಆ ಮಕ್ಕಳದ್ದೇ ಹೆಸರು. ಎರಡೂ ಸೇರಿ ವಿವಾಲ್ಡಿಯ ಸುಮಾರು 450 ಕೃತಿಗಳು. ಜೆಂತಿಲಿ ಯಹೂದಿ, 1938ರ ಜನಾಂಗೀಯ ಕಾನೂನು ಅವರ ಕೆಲಸ ಕಿತ್ತುಕೊಂಡಿತು. ಮರುವರ್ಷ ಇಟಲಿಯ ಸಿಯೆನಾದಲ್ಲಿ ಈ ಕೃತಿಗಳನ್ನು ಕೇಳಿಸುವ ವಿವಾಲ್ಡಿ ವಾರ ನಡೆಯಿತು, ನಡೆಸಿದವರು ಬೇರೆಯವರು.

ರೆಕಾರ್ಡಿಂಗ್ ವಿಷಯಕ್ಕೆ ಬಂದರೆ, ನಾಯೀವ್ ಎಂಬ ಫ್ರೆಂಚ್ ಕಂಪನಿ 2000ದಿಂದ ಈ ಟ್ಯೂರಿನ್ ಹಸ್ತಪ್ರತಿಗಳನ್ನು ಒಂದೊಂದಾಗಿ ಧ್ವನಿಮುದ್ರಿಸುತ್ತಾ ಬಂದಿದೆ. ನನ್ನನ್ನು ಕೇಳಿದರೆ ಶುರು ಮಾಡಬೇಕಾದ್ದು ಆರ್‌ವಿ 484ರಿಂದ, ಸೆರ್ಜೊ ಅತ್ಸೊಲಿನಿ ನುಡಿಸಿದ ಬಸೂನ್ ಕಾನ್ಸರ್ಟೊ. ದಪ್ಪ ದನಿಯ ಆ ವಾದ್ಯ ಇಷ್ಟು ಚುರುಕಾಗಿ ಓಡುತ್ತದಾ ಅನ್ನಿಸುತ್ತದೆ. ಹಾಡು ಬೇಕಾದರೆ ‘ಒರ್ಲಾಂಡೊ ಫುರಿಯೋಸೊ’ ಒಪೆರಾದ, ಅಂದರೆ ಹಾಡಿನ ನಾಟಕದ (ಆರ್‌ವಿ 728) ‘ಸೋಲ್ ದಾ ತೆ’. ಸ್ಪಿನೋಸಿ ನಿರ್ದೇಶನದಲ್ಲಿ ಫಿಲಿಪ್ ಜರೂಸ್ಕಿ ಹಾಡಿದ್ದು, ಜೊತೆಗೆ ಕೊಳಲು. ಇಡೀ ಒಪೆರಾ ಒಂದೇ ಸಲ ಕೇಳಲು ಕೂರಬೇಡಿ, ಹಾಡುಗಳ ನಡುವಿನ ಮಾತಿನ ಭಾಗಗಳು ಬೋರ್ ಹೊಡೆಸುತ್ತವೆ, ದಾಟಿಸಿ.

ಒಂದು ಎಚ್ಚರಿಕೆ. ಮುಖಪುಟದಲ್ಲಿ ವಿವಾಲ್ಡಿ ಅಂತಿದ್ದರೂ ಒಳಗಿರುವುದೆಲ್ಲ ಅವರದ್ದೇ ಆಗಿರಬೇಕಿಲ್ಲ. ವಿವಾಲ್ಡಿಯ ‘ಬಾಯಜೆತ್’ ಒಪೆರಾದ ಎಲ್ಲಕ್ಕಿಂತ ಜಾಸ್ತಿ ಹೆಸರಾದ ಹಾಡು ‘ಸ್ಪೋಸಾ ಸೋನ್ ದಿಸ್ಪ್ರೆತ್ಸಾತಾ’ ಬರೆದವರು ಜಕೊಮೆಲ್ಲಿ ಎಂಬ ಇನ್ನೊಬ್ಬ ರಚನೆಕಾರರು. ವಿವಾಲ್ಡಿ ಅದನ್ನು ಎತ್ತಿ ತಮ್ಮ ಒಪೆರಾಕ್ಕೆ ಹಾಕಿಕೊಂಡಿದ್ದು. ಆ ಕಾಲಕ್ಕೆ ಅದು ಮಾಮೂಲು. ಉಲ್ಟಾನೂ ಆಗಿದೆ. ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಗಾಲುಪ್ಪಿ ಎಂಬ ರಚನೆಕಾರರ ಹೆಸರಲ್ಲಿದ್ದ ಒಂದು ‘ದಿಕ್ಸಿತ್ ದೊಮಿನುಸ್’ (ಚರ್ಚಿನ ಹಾಡು) ವಿವಾಲ್ಡಿಯದ್ದು ಅಂತ 2005ರಲ್ಲಿ ಗೊತ್ತಾಗಿ, ಆರ್‌ವಿ 807 ಆಯಿತು. ಅದನ್ನೂ ಕೇಳಿ, ಗಟ್ಟಿ ಕೃತಿ.

ಭಾರತದ ಹೆಸರಿನದ್ದೂ ಒಂದಿದೆ ಮಾರಾಯ್ರೇ! ‘ಇಲ್ ಗ್ರಾನ್ ಮೊಗೋಲ್’, ಅಂದರೆ ನಮ್ಮ ಮೊಗಲ್ ದೊರೆ. ಈ ಕೊಳಲು ಕಾನ್ಸರ್ಟೊ 2010ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೊದ ದಾಖಲೆಗಳ ನಡುವೆ ಸಿಕ್ಕಿತು, ನಂಬರ್ ಆರ್‌ವಿ 431ಎ. ಅದರಲ್ಲಿ ನಮ್ಮ ರಾಗಗಳನ್ನು ಹುಡುಕಬೇಡಿ, ಅದು ಅಪ್ಪಟ ವೆನಿಸ್ ಸಂಗೀತ. ದೇಶಗಳ ಹೆಸರಿನ ಇದೇ ಗುಂಪಿನಲ್ಲಿ ಫ್ರಾನ್ಸ್, ಸ್ಪೇನ್, ಇಂಗ್ಲೆಂಡ್ ಹೆಸರಿನ ಮೂರು ಇದ್ದವು. ಅವು ಸಿಕ್ಕಿಲ್ಲ, ಹಾಗಾಗಿ ಯಾವ ನಂಬರ್ ಹಾಕಿದರೂ ಬರುವುದಿಲ್ಲ.