ಕಾರು ಓಡಿಸಿದ್ದು ಯಾರು ಮಾರಾಯ್ರೇ?

ಮುಂಬಯಿಯ ಮಾಟುಂಗದಲ್ಲಿ ಹೋಟೆಲ್ ಇಟ್ಟಿರುವ ನಮ್ಮ ಭಾವ ಹೊಸ ಕಾರು ತಗೊಂಡರು. ಮುಂದೆ ರಾಡಾರ್, ಗಾಜಿನ ಹಿಂದೆ ಕ್ಯಾಮೆರಾ, ಬಂಪರ್‌ಗೆ ನಿಂಬೆಹಣ್ಣು-ಮೆಣಸಿನಕಾಯಿ. ಪುಣೆಗೆ ಹೊರಟಾಗ ಎಕ್ಸ್‌ಪ್ರೆಸ್‌ವೇಯಲ್ಲಿ ಎರಡೂ ಕೈ ಎತ್ತಿ, "ನೋಡು, ತಾನೇ ಹೋಗ್ತದೆ. ನಾನು ಸುಮ್ನೆ ಕೂತು ನೋಡ್ತಾ ಇದ್ರೆ ಸಾಕು" ಎಂದರು.

ನಿಂಬೆಹಣ್ಣಿನ ಬಗ್ಗೆ ನನಗೆ ತಕರಾರಿಲ್ಲ. ಅದು ಯಾರಿಗೂ ನಿದ್ದೆ ಬರಿಸುವುದಿಲ್ಲ. ಆದರೆ 'ಸುಮ್ನೆ ಕೂತು ನೋಡಬಹುದು' ಎಂಬುದು ಅದಕ್ಕಿಂತ ದೊಡ್ಡ ಮೂಢನಂಬಿಕೆ.

ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ವಿಮಾನಗಳಲ್ಲಿ ರಾಡಾರ್ ಪರದೆ ನೋಡುತ್ತಾ ಜರ್ಮನ್ ಸಬ್‌ಮರೀನ್ ಹುಡುಕುವ ಹುಡುಗರಿದ್ದರು. ಹೊತ್ತು ಹೋದಂತೆ ಅವರಿಗೆ ಕಣ್ಣೆದುರಿನ ಚುಕ್ಕೆಯೇ ಕಾಣುತ್ತಿರಲಿಲ್ಲ. ಸೋಮಾರಿತನ ಅಂತ ಬೈದು ಬಿಡಬಹುದಿತ್ತು. ನಾರ್ಮನ್ ಮ್ಯಾಕ್‌ವರ್ತ್ ಎಂಬ ಮನಶ್ಶಾಸ್ತ್ರಜ್ಞ ಬೈಯುವ ಬದಲು ಅಂಕಿಗಳಿಲ್ಲದ ಒಂದು ಗಡಿಯಾರ ಮಾಡಿದ. ಮುಳ್ಳು ಸೆಕೆಂಡಿಗೊಮ್ಮೆ ಒಂದು ಹೆಜ್ಜೆ ಹಾರುತ್ತದೆ. ಅಪರೂಪಕ್ಕೆ ಎರಡು ಹೆಜ್ಜೆ ಒಟ್ಟಿಗೆ. ಆಗ ಗುಂಡಿ ಒತ್ತಬೇಕು, ಅಷ್ಟೇ. ಎರಡು ಗಂಟೆಯ ಈ ಕೆಲಸದಲ್ಲಿ ಮೊದಲ ಅರ್ಧ ಗಂಟೆ ಕಳೆಯುವಷ್ಟರಲ್ಲೇ ತಪ್ಪುಗಳು ಜಾಸ್ತಿಯಾದವು. ಅವನು ಇದನ್ನು ಪ್ರಕಟಿಸಿದ್ದು 1948ರಲ್ಲಿ. ಕೂತವರು ಒಳ್ಳೆಯವರೋ ಕೆಟ್ಟವರೋ ಎಂಬ ಪ್ರಶ್ನೆಯೇ ಇಲ್ಲ, ಮಿದುಳು ಇರುವುದೇ ಹಾಗೆ.

ಒಲೆಯ ಮುಂದೆ ನಿಂತೇ ಇದ್ದರೂ ಹಾಲು ಉಕ್ಕುತ್ತದೆ, ಅಲ್ವಾ? ಅದೇ ಕಾವಲಿಯ ಮುಂದೆ ದೋಸೆ ಹುಯ್ಯುವವನು ನೂರು ದೋಸೆ ಹುಯ್ದರೂ ಸೀಯಿಸುವುದಿಲ್ಲ. ಹಾಲಿಗೆ ಬೇಕಾದದ್ದು ಬರೀ ಕಣ್ಣು, ದೋಸೆಗೆ ಕೈಯೂ ಬೇಕು. ಇನ್ನೂ ಬೇಕಾದರೆ ಯಕ್ಷಗಾನ ನೆನೆಯಿರಿ. ಬೆಳಗಿನ ಮೂರು ಗಂಟೆಗೆ ಚೆಂಡೆಯವನಿಗೆ ನಿದ್ದೆ ಬರುವುದಿಲ್ಲ. ಎದುರಿನ ಕುರ್ಚಿಯಲ್ಲಿ ಕೂತವನ ತಲೆ ವಾಲುತ್ತದೆ. ರಾತ್ರಿಯಿಡೀ ಇಬ್ಬರೂ ನೋಡಿದ್ದು ಒಂದೇ ಆಟ. ಕಾರು ತಾನೇ ಹೋಗತೊಡಗಿದಾಗ ಭಾವ ಚೆಂಡೆ ಕೆಳಗಿಟ್ಟು ಕುರ್ಚಿಗೆ ಬಂದು ಕೂತರು. ಆದರೆ ಭಾಗವತರು ತಾಳ ತಪ್ಪಿದರೆ ಅದೇ ಕ್ಷಣ ಎದ್ದು ಚೆಂಡೆ ಹಿಡಿಯಬೇಕು ಎಂಬುದು ಕರಾರು! ಗಂಟೆಗೆ 100 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 28 ಮೀಟರ್ ಹೋಗುತ್ತದೆ. 'ಎಂತಾಯ್ತು?' ಅಂತ ಕೇಳುವಷ್ಟರಲ್ಲಿ ನೂರು ಮೀಟರ್ ಮುಗಿದಿರುತ್ತದೆ.

ರೈಲಿನವರಿಗೆ ಇದು ಹಳೆಯ ತಲೆನೋವು. ನಮ್ಮ ಲೋಕಲ್‌ನ ಮೋಟರ್‌ಮನ್ ಕೈಯಲ್ಲಿ ಡೆಡ್‌ಮನ್ ಹ್ಯಾಂಡಲ್ ಇರುತ್ತದೆ. ಒತ್ತಿಯೇ ಇರಬೇಕು, ಬಿಟ್ಟರೆ ಬ್ರೇಕ್. ದೂರದ ರೈಲುಗಳ ಎಂಜಿನ್‌ನಲ್ಲಿ ಚಾಲಕ ಒಂದು ನಿಮಿಷ ಏನೂ ಮಾಡದಿದ್ದರೆ ದೀಪ ಮಿನುಗುತ್ತದೆ, ಆಮೇಲೆ ಬಜರ್, ಅದಕ್ಕೂ ಓಗೊಡದಿದ್ದರೆ ಬ್ರೇಕ್. ಭಾವ ಕೈ ಎತ್ತಿದ ಸ್ವಲ್ಪ ಹೊತ್ತಿಗೆ ಕಾರು 'ಕೀಂ ಕೀಂ' ಅಂದಿತ್ತು. ಅದೂ ಇದೇ ಜಾತಿಯ ಕೂಗು. ಹೆಚ್ಚಿನ ಇಂಥ ಕಾರುಗಳಲ್ಲಿ ಸ್ಟೀರಿಂಗ್ ಅಳೆಯುವುದು ಕೈಯಿಂದ ಬರುವ ಸಣ್ಣ ತಿರುಚನ್ನು ಮಾತ್ರ. ಅದಕ್ಕೇ ನೀರಿನ ಬಾಟಲಿ ಸಿಕ್ಕಿಸಿ ಅದನ್ನು ಮೋಸ ಮಾಡುವ ಜಾಣರಿದ್ದಾರೆ. ಬಾಟಲಿಗೆ ಲೈಸೆನ್ಸ್ ಇಲ್ಲ ಎಂಬುದು ಬೇರೆ ಮಾತು. ಕೈ ಇದೆಯೋ ಇಲ್ಲವೋ ಯಂತ್ರಕ್ಕೆ ಗೊತ್ತಾಗಬಹುದು, ಮನಸ್ಸು ಮನೆಯಲ್ಲಿದೆಯೋ ಇಲ್ಲವೋ ಗೊತ್ತಾಗುವುದು ಕಷ್ಟ. ಈಗ ಕಣ್ಣನ್ನೇ ನೋಡುವ ಕ್ಯಾಮೆರಾ ಬಂದಿದೆ. ಕಣ್ಣು ಬಿಟ್ಟುಕೊಂಡೇ ಸಾಲದ ಕಂತು ಲೆಕ್ಕ ಹಾಕುವವರ ಮುಂದೆ ಅದೂ ಸೋಲುತ್ತದೆ.

2018ರ ಮಾರ್ಚ್‌ನಲ್ಲಿ ಅಮೆರಿಕದ ಅರಿಜೋನಾದ ಟೆಂಪಿ ಊರಲ್ಲಿ ಊಬರ್ ಪರೀಕ್ಷೆಗೆ ಬಿಟ್ಟಿದ್ದ, ತಾನೇ ಓಡುವ ಕಾರು, ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಗೆ ಹೊಡೆಯಿತು. ಆಕೆ ತೀರಿಕೊಂಡಳು. ಕಾರಿನ ಸೆನ್ಸರ್‌ಗೆ ಆಕೆ ಕಂಡಿದ್ದು 5.6 ಸೆಕೆಂಡ್ ಮೊದಲೇ. ಆದರೆ ಅದು 'ಏನೋ ವಸ್ತು', 'ವಾಹನ', 'ಸೈಕಲ್' ಅಂತ ತೀರ್ಮಾನ ಬದಲಿಸುತ್ತಲೇ ಇತ್ತು. ಕಾರು ತಯಾರಕರ ಸ್ವಂತ ತುರ್ತು ಬ್ರೇಕನ್ನು ಆ ಹೊತ್ತಲ್ಲಿ ಕೆಲಸ ಮಾಡದಂತೆ ಇಡಲಾಗಿತ್ತು. ಮೊದಲು ಕಾರಿನಲ್ಲಿ ನಿಗಾ ಇಡಲು ಇಬ್ಬರಿರುತ್ತಿದ್ದರು, ಕಂಪನಿ ಒಬ್ಬರಿಗೆ ಇಳಿಸಿತ್ತು. ಆ ಒಬ್ಬ ಚಾಲಕಿ ಮೊಬೈಲ್‌ನಲ್ಲಿ ಕಾರ್ಯಕ್ರಮ ಹಾಕಿಕೊಂಡು ಪದೇ ಪದೇ ಕೆಳಗೆ ನೋಡುತ್ತಿದ್ದಳು. ಕಂಪನಿಯ ಮೇಲೆ ಕ್ರಿಮಿನಲ್ ಕೇಸು ಹಾಕಲು ಆಧಾರವಿಲ್ಲ ಎಂದರು ಸರ್ಕಾರಿ ವಕೀಲರು. ಚಾಲಕಿ 2023ರಲ್ಲಿ ತಪ್ಪೊಪ್ಪಿಕೊಂಡಳು, ಮೂರು ವರ್ಷದ ಪ್ರೊಬೇಷನ್ ಆಯಿತು, ಅಂದರೆ ಜೈಲಿನ ಬದಲು ಕೋರ್ಟಿನ ನಿಗಾ. ಮೊಬೈಲ್ ನೋಡಿದ್ದು ತಪ್ಪೇ, ಇಲ್ಲ ಅನ್ನುವುದಿಲ್ಲ. ಆದರೆ ಕುರ್ಚಿಯಲ್ಲಿ ಕೂರಿಸಿದವರ ಲೆಕ್ಕ ಎಲ್ಲಿ ಹೋಯಿತು?

ಬೇರೆ ದೇಶಗಳು ಈ ಲೆಕ್ಕವನ್ನು ನಿಧಾನಕ್ಕೆ ಸರಿಮಾಡುತ್ತಿವೆ. ಕಾರುಗಳ ಜಾಣತನಕ್ಕೆ 0ರಿಂದ 5ರವರೆಗೆ ಲೆವೆಲ್‌ಗಳಿವೆ. ಭಾವನದು 2. ಅಂದರೆ ಕಾರು ಏನೇ ಮಾಡಿದರೂ ಡ್ರೈವರ್ ಅವರೇ. 3ಕ್ಕೆ ಹೋದರೆ ಕೆಲವು ಸಂದರ್ಭಗಳಲ್ಲಿ ಕಾರೇ ಡ್ರೈವರ್. ಮರ್ಸಿಡಿಸ್ 2022ರಲ್ಲಿ ಜರ್ಮನಿಯಲ್ಲಿ ಅಂಥ ವ್ಯವಸ್ಥೆ ಮಾರಾಟಕ್ಕಿಟ್ಟಿತು. ಅದೂ ಆಗ 60 ಕಿ.ಮೀ. ವೇಗದೊಳಗೆ ಮಾತ್ರ. ಬ್ರಿಟನ್ 2024ರಲ್ಲಿ ಕಾನೂನನ್ನೇ ತಂದಿತು: ಒಪ್ಪಿಗೆ ಪಡೆದ ಕಾರು ತಾನೇ ಓಡುವಾಗ ಓಡಿಸುವಿಕೆಯಲ್ಲಿ ತಪ್ಪಾದರೆ, ಸೀಟಿನಲ್ಲಿ ಕೂತವರ ಮೇಲೆ ಕೇಸಿಲ್ಲ.

ನಮ್ಮಲ್ಲಿ? 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಡ್ರೈವರ್ ಎಂದರೆ ಯಾರು ಅಂತ ಹುಡುಕಿದೆ. ಕೆಟ್ಟುನಿಂತ ಗಾಡಿಯನ್ನು ಇನ್ನೊಂದು ಗಾಡಿಗೆ ಕಟ್ಟಿ ಎಳೆಯುವಾಗ ಹಿಂದಿನದರಲ್ಲಿ ಸ್ಟೀರಿಂಗ್ ಹಿಡಿದು ಕೂತವನೂ ಡ್ರೈವರೇ ಎಂದಿದೆ! ಎಂಜಿನ್ ಓಡದಿದ್ದರೂ ಡ್ರೈವರ್ ಇದ್ದಾನೆ, ಆದರೆ ತಾನೇ ಓಡುವ ಗಾಡಿಯ ಸುದ್ದಿಯೇ ಅಲ್ಲಿಲ್ಲ. ಪರಿಹಾರದ ಮಟ್ಟಿಗೆ ದಾರಿಯಿದೆ. 164ನೇ ಸೆಕ್ಷನ್ ಪ್ರಕಾರ ಯಾರ ತಪ್ಪು ಅಂತ ಸಾಬೀತು ಮಾಡದೆಯೂ ಸಾವಿಗೆ 5 ಲಕ್ಷ ಸಿಗುತ್ತದೆ, ಮಾಲೀಕರು ಅಥವಾ ವಿಮೆಯವರು ಕೊಡಬೇಕು. ಜೈಲಿನ ಮಾತು ಬೇರೆ. ನಿರ್ಲಕ್ಷ್ಯದಿಂದ ಸಾವಾದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್‌ನಲ್ಲಿ 5 ವರ್ಷದವರೆಗೆ ಶಿಕ್ಷೆ. ಪೊಲೀಸರು ಮೊದಲು ಹುಡುಕುವುದು ಸೀಟಿನಲ್ಲಿ ಕೂತವರನ್ನೇ, ರಾಡಾರನ್ನಲ್ಲ.

ಇದನ್ನೆಲ್ಲ ಭಾವನಿಗೆ ಘಾಟಿ ಹತ್ತುವಾಗ ಹೇಳಿದ್ದೆ. "ನೀನು ಓದಿದ್ದು ಜಾಸ್ತಿಯಾಯ್ತು" ಎಂದರು. ನಾಲ್ಕು ದಿನದ ನಂತರ ಫೋನ್ ಬಂತು. ಮಿತಿ 100 ಇದ್ದ ಕಡೆ ಕಾರಿಗೆ ಅವರೇ 110 ಅಂತ ಹೇಳಿಟ್ಟಿದ್ದರಂತೆ. ಕ್ಯಾಮೆರಾ ಫೋಟೋ ಸಮೇತ ಚಲನ್ ಅವರ ಮೊಬೈಲ್‌ಗೆ ಬಂದಿತ್ತು.

"ಕಾರು ಓಡಿಸಿದ್ದು ನಾನಲ್ಲ ಅಂತ ಬರೆದು ಹಾಕಿ" ಎಂದೆ.